ಮೆಕೆಂಜಿಯ ‘ಜಿ’

ನನ್ನ ಕಪಾಟಿನ ಮೂರು ಪುಸ್ತಕಗಳಲ್ಲಿ ಕೈಫಿಯತ್ತು, ಅಂದರೆ ಊರೂರಿನ ಕಥೆ, ಬರೆಸಿದ ಕಾಲಿನ್ ಸಾಹೇಬರ ಮನೆತನದ ಹೆಸರು ಮೂರು ಬಗೆಯಲ್ಲಿ ಅಚ್ಚಾಗಿದೆ: ಮೆಕೆಂಜಿ, ಮೆಕೆಂಝಿ, ಮ್ಯಾಕೆಂಜಿ. ಕಾಗುಣಿತ ಹಿಡಿದು ಜಗ್ಗಾಡುವ ಚಟ ನನ್ನದು. ಯಾವುದು ಸರಿ ಎಂದು ಹುಡುಕುತ್ತ ಹೋದರೆ ಮೂರೂ ಸರಿಯಿಲ್ಲ ಎಂದು ತಿಳಿಯಿತು. ತಪ್ಪು ಮಾತ್ರ ನಮ್ಮದಲ್ಲ, ಅವರ ಊರಲ್ಲೇ ಆಗಿದ್ದು.

ಸ್ಕಾಟ್ಲೆಂಡಿನ ವಾಯವ್ಯಕ್ಕೆ, ಗುಡ್ಡ ಮತ್ತು ಕಡಲು ಒಂದನ್ನೊಂದು ಒತ್ತಿಕೊಂಡಿರುವ ಕಿನ್‌ಟೇಲ್ ಸೀಮೆ ಈ ಮನೆತನದ ಹಳೆಯ ನೆಲೆ. ಅಲ್ಲಿನ ಗೇಲಿಕ್ ಭಾಷೆಯಲ್ಲಿ ‘ಮ್ಯಾಕ್’ ಎಂದರೆ ಮಗ. ಮಗ, ಮ್ಯಾಕ್! ಇದು ಬರೀ ಕಾಕತಾಳೀಯ. ದಯವಿಟ್ಟು ಯಾರೂ ವಾಟ್ಸಾಪಿಗೆ ಹಾಕಬೇಡಿ. ಮುಂದಿನ ಭಾಗ ‘ಕೊಞಹ್’ ಎಂಬಂತೆ ಕೇಳಿಸುವ ಹೆಸರು, ಇಂಗ್ಲಿಷಿನಲ್ಲಿ ಕೆನೆತ್ ಆದದ್ದು ಅದೇ. ಅರ್ಥ ಚೆಲುವ. ಒಟ್ಟಿನಲ್ಲಿ ನಮ್ಮ ಸಾಹೇಬರು ಚೆಲುವಯ್ಯನ ಮಗ. ಮನೆಯ ಹೆಣ್ಣುಮಕ್ಕಳು ಗೇಲಿಕ್‌ನಲ್ಲಿ ‘ಮ್ಯಾಕ್’ ಅಲ್ಲ, ‘ನಿಕ್’. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಹೊತ್ತು ತಾವೇ ‘ಮಿಸ್ ರಾಜಶೇಖರ್’ ಆಗಿಬಿಡುವ ನಮ್ಮ ಹುಡುಗಿಯರ ಪಾಡಿಗಿಂತ ಎಷ್ಟೋ ವಾಸಿ.

ಆ ‘ಞ’ದಲ್ಲೇ ಎಡವಟ್ಟಾದದ್ದು. ಸ್ಕಾಟ್ಲೆಂಡಿನ ಹಳೆಯ ಲಿಪಿಕಾರರು ಅದನ್ನು ‘ನ’ಕಾರದ ಪಕ್ಕದಲ್ಲಿ ‘ಯೋಗ್’ ಎಂಬ ಅಕ್ಷರ ಇಟ್ಟು ಬರೆಯುತ್ತಿದ್ದರು. ನೋಡಲು 3ರ ಅಂಕಿಯ ಹಾಗೆ, ಬಾಲ ಸ್ವಲ್ಪ ಕೆಳಗಿಳಿದದ್ದು. ಇಲ್ಲಿ ಅದರ ಉಚ್ಚಾರ ‘ಯ’. ಹದಿನಾರನೇ ಶತಮಾನದ ಆರಂಭದಲ್ಲಿ ಎಡಿನ್‌ಬರೋಗೆ ಅಚ್ಚುಕೂಟ ಬಂತು. ಮೊಳೆಗಳು ಬರುತ್ತಿದ್ದುದು ಯೂರೋಪಿನಿಂದ, ಆ ಪೆಟ್ಟಿಗೆಯಲ್ಲಿ ಯೋಗ್ ಇಲ್ಲ. ಮೊಳೆ ಜೋಡಿಸುವವನು ಏನು ಮಾಡಬೇಕು? ಬಾಲವಿದ್ದ ‘ಜೆಡ್’ ಹೆಚ್ಚುಕಡಿಮೆ ಹಾಗೇ ಕಂಡಿತು, ಅದನ್ನೇ ಕೂರಿಸಿದ. ಓದುವವರಿಗೆ ಗುಟ್ಟು ಗೊತ್ತಿದ್ದಷ್ಟು ಕಾಲ ತೊಂದರೆಯಾಗಲಿಲ್ಲ. ಆಮೇಲೆ ಇಂಗ್ಲಿಷ್ ಕಲಿತು ಬಂದ ಮಕ್ಕಳು ಬರೆದದ್ದನ್ನು ಬರೆದಂತೆಯೇ ಓದಿದರು.

ಎಲ್ಲರೂ ಸುಮ್ಮನೆ ಒಪ್ಪಲಿಲ್ಲ ಅನ್ನಿ. ಮೆಂಜೀಸ್ ಎಂದು ಬರೆದುಕೊಳ್ಳುವವರಲ್ಲಿ ಹಲವರು ಇವತ್ತಿಗೂ ‘ಮಿಂಗಿಸ್’. ರಾಜಕಾರಣಿ ಮೆಂಜೀಸ್ ಕ್ಯಾಂಪ್‌ಬೆಲ್ ಎಲ್ಲರ ಬಾಯಲ್ಲೂ ‘ಮಿಂಗ್’ ಆಗಿದ್ದರು. ಡಾಲ್ಜೀಲ್ ಎಂದು ಬರೆದು ‘ಡೀಯೆಲ್’ ಎನ್ನುವವರಂತೂ ಇನ್ನೂ ಗಟ್ಟಿಗರು. ಶರಣಾದವರು ಮೆಕೆಂಜಿಗಳೇ.

ಬಹುಶಃ ಅವರಿಗೆ ಪುರುಸೊತ್ತಿರಲಿಲ್ಲ. ಲೂಯಿಸ್ ದ್ವೀಪದ ಸ್ಟಾರ್ನೊವೇ ಎಂಬ ಸಣ್ಣ ಬಂದರೊಂದರಿಂದಲೇ ಇಬ್ಬರು ಮೆಕೆಂಜಿಗಳು ಹೊರಟರು. ಅಲೆಕ್ಸಾಂಡರ್ 1789ರಲ್ಲಿ ಕೆನಡಾದ ಮಹಾನದಿಯೊಂದರ ಗುಂಟ ದೋಣಿಯಲ್ಲಿ ಸಾಗಿ ಆರ್ಕ್ಟಿಕ್ ಸಾಗರ ಮುಟ್ಟಿದ; ಆ ನದಿಗೆ ಈಗ ಅವನದೇ ಹೆಸರು. ಕಾಲಿನ್ ನಮ್ಮ ಕಡೆ ಬಂದ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆಯುವ ಕೆಲಸ ಅವನ ಪಾಲಿಗೆ ಬಂತು. ಅಳೆಯುತ್ತ ಅಳೆಯುತ್ತ ಊರೂರಿನ ಕಥೆ ಬರೆಸಿದ, ಎಂಟು ಸಾವಿರದಷ್ಟು ಶಾಸನಗಳ ನಕಲು ಮಾಡಿಸಿದ. ಥಾಮಸ್ ಹಿಕ್ಕಿ 1816ರಲ್ಲಿ ಬರೆದ ಚಿತ್ರದಲ್ಲಿ ಕೆಂಪು ಕೋಟು ತೊಟ್ಟು ತನ್ನ ದೇಶೀ ಸಹಾಯಕರ ನಡುವೆ ನಿಂತಿದ್ದಾನೆ. ಹಿಂದೆ, ದೂರದಲ್ಲಿ, ಗೊಮ್ಮಟ.

ಅವನು ನಕಲು ಮಾಡಿಸಿದ ಹಳಗನ್ನಡದ ಕಲ್ಲುಗಳಲ್ಲೂ ಒಂದು ಅಕ್ಷರ ಸಾಯುತ್ತ ಬಿದ್ದಿತ್ತು: ೞ. ‘ಬಾೞೆ’ ನಮ್ಮಲ್ಲಿ ಬಾಳೆಯಾಯಿತು, ‘ಏೞು’ ಏಳಾಯಿತು. ವ್ಯಾಕರಣಕಾರ ಕೇಶಿರಾಜ ಹದಿಮೂರನೇ ಶತಮಾನದಲ್ಲೇ ಯಾವ ಯಾವ ಪದಕ್ಕೆ ೞ ಬರುತ್ತದೆಂದು ಪಟ್ಟಿ ಹಾಕಬೇಕಾಯಿತು. ಆದರೂ ನಾವು ಅದನ್ನು ಗೌರವದಿಂದ ‘ಳ’ಗೆ ಒಪ್ಪಿಸಿದೆವು, ಜೆಡ್ಡಿಗಲ್ಲ ಎಂದು ಬೀಗುತ್ತಿದ್ದೆ. ಅಷ್ಟರಲ್ಲಿ ಬೆಳಗಿನ ಪತ್ರಿಕೆಯಲ್ಲಿ ‘ಆಲಪ್ಪುಝ’ ಕಂಡಿತು. ಮಲಯಾಳಿಗಳು ಉಳಿಸಿಕೊಂಡಿರುವ ಅದೇ ೞ, ಇಂಗ್ಲಿಷಿನ ಜೆಡ್ ಹೊತ್ತುಕೊಂಡು, ಝಗಮಗಿಸುತ್ತ ನಮ್ಮ ಮನೆಗೇ ಬಂದಿದೆ.

ಮೆಕೆಂಜಿಗೆ ಬೇಕಿದ್ದ ಅಕ್ಷರ ನಮ್ಮ ವರ್ಣಮಾಲೆಯಲ್ಲಿ ಖಾಲಿ ಕೂತಿದೆಯಲ್ಲ, ಅದೇ ಹೊಟ್ಟೆಯುರಿ. ಮೊಮ್ಮಗಳ ಗೋಡೆಪಟದಲ್ಲಿ ಜ ಎಂದರೆ ಜಡೆ, ಝ ಎಂದರೆ ಝರಿ. ಞ ಎದುರು ಬರೀ ಬಿಳಿ ಚೌಕ. ಮೊನ್ನೆ ಅಲ್ಲೊಂದು ಕೆಂಪು ಕೋಟಿನ ಸಾಹೇಬನನ್ನು ಬರೆದೆ. “ಇದ್ಯಾರು ತಾತಾ?” ಅಂದಳು. “ಚೆಲುವಯ್ಯನ ಮಗ” ಅಂದೆ.