ಕಬ್ಬಿನ ಬಿಲ್ಲಿನ ಕಥೆ

ಟಿವಿಯಲ್ಲಿ ಹೇಳುತ್ತಾರೆ: 2025-26ರ ಹಂಗಾಮಿಗೆ ಕಬ್ಬಿಗೆ ಕೇಂದ್ರದ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ರೈತರಿಗೆ ಕೊಡಲೇಬೇಕಾದ ಕನಿಷ್ಠ ದರ, ಟನ್‌ಗೆ 3,550 ರೂಪಾಯಿ! ಕೇಳಿದ ಪೇಟೆಯ ನೆಂಟರು ‘ಈ ಸಲ ನಿಮಗೆ ಸುಗ್ಗಿ’ ಎನ್ನುತ್ತಾರೆ. ಆ ದರ ಸಕ್ಕರೆ ಇಳುವರಿ, ಅಂದರೆ ಅರೆದ ಕಬ್ಬಿನಿಂದ ಸಿಗುವ ಸಕ್ಕರೆ, ಶೇ 10.25 ಬಂದರೆ ಮಾತ್ರ ಎಂಬುದನ್ನು ಅವರಿಗೆ ಹೇಳುವವರು ಯಾರು? ಆ ಇಳುವರಿಯನ್ನು ಅಳೆಯುವವರು ಯಾರು? ಕಾರ್ಖಾನೆಯವರೇ. ತೂಕವೂ ಅವರದೇ, ಲೆಕ್ಕವೂ ಅವರದೇ. ಚೀಟಿ ಹಿಡಿದು ನಿಲ್ಲುವ ಕೆಲಸ ಮಾತ್ರ ನಮ್ಮದು. ಅದರಲ್ಲೂ ಕಟಾವು, ಸಾಗಣೆ ಖರ್ಚು ಮುರಿದುಕೊಂಡ ಮೇಲೆ ಉಳಿದದ್ದೇ ನಮ್ಮ ಪಾಲು.

ಇಷ್ಟಕ್ಕೂ ಕಬ್ಬು ಕಾರ್ಖಾನೆ ತಲುಪಬೇಕಲ್ಲ. ಕಟಾವಿನ ಸರದಿಗೆ ಕಾದು ಕಾದು ನಮ್ಮ ಹೊಲದಲ್ಲಿ ಕಬ್ಬು ಬಲಿತು ಸೂಲಂಗಿ (ಹೂವಿನ ತೆನೆ) ಬಿಟ್ಟಿತ್ತು. ಕೊನೆಗೂ ಕಬ್ಬು ಕಡಿಯುವವರ ಗ್ಯಾಂಗು ಬಂತು, ಜೊತೆಗೆ ‘ಊಟಕ್ಕೆ, ಚಹಾಕ್ಕೆ’ ಎಂಬ ಬೇರೆ ವಸೂಲಿಯೂ ಬಂತು. ಬೀಡು ಬಿಟ್ಟು ದುಡಿಯುವ ಆ ಬಡವರ ಮೇಲೆ ಸಿಟ್ಟು ಮಾಡಲೂ ಮನಸ್ಸಾಗುವುದಿಲ್ಲ. ಕಡಿದ ಕಬ್ಬು ಕಾರ್ಖಾನೆಯ ಅಂಗಳದಲ್ಲಿ ಟ್ರ್ಯಾಲಿಯಲ್ಲೇ ಬಿಸಿಲಿಗೆ ಒಣಗಿತು. ಒಣಗಿದಷ್ಟೂ ತೂಕ ಕಡಿಮೆ, ನಷ್ಟ ಯಾರಿಗೆಂದು ಕೇಳಬೇಕೇ?

1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ತಲುಪಿದ 14 ದಿನಗಳೊಳಗೆ ಕಾರ್ಖಾನೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ. ಬಡ್ಡಿ ಹಾಗಿರಲಿ, ಅಸಲು ಕೇಳಿದರೇ ‘ಸಕ್ಕರೆಗೆ ದರವಿಲ್ಲ’ ಎಂಬ ಉತ್ತರ. ಸಕ್ಕರೆಯ ಕನಿಷ್ಠ ಮಾರಾಟ ಬೆಲೆ 2019ರಲ್ಲಿ ಕಿಲೋಗೆ 31 ರೂಪಾಯಿಗೆ ಏರಿದ ಮೇಲೆ ವರ್ಷಗಟ್ಟಲೆ ಅಲ್ಲೇ ನಿಂತಿದ್ದು ನಿಜ. ಆದರೆ ಅದೇ ಕಬ್ಬಿನಿಂದ ಮಾಡಿದ ಎಥೆನಾಲ್, ವಿದ್ಯುತ್ ಮಾರಿದ ದುಡ್ಡಿನ ಮಾತೆತ್ತಿದರೆ ಕಾರ್ಖಾನೆಯ ಗುಮಾಸ್ತರಿಗೆ ಥಟ್ಟನೆ ಫೋನ್ ಬರುತ್ತದೆ!