ಅಮೆ ಉಂಟು, ರಜೆ ಇಲ್ಲ

ಕಾಸರಗೋಡು ಪೇಟೆಯಲ್ಲಿ ಒಬ್ಬ ಬಟ್ಟೆ ಅಂಗಡಿ ಧನಿ ಇದ್ದಾರೆ ಎಂದಿಟ್ಟುಕೊಳ್ಳಿ. ಅಂಗಡಿಗೆ ಮೂರು ಮಾಳಿಗೆ, ಲಿಫ್ಟು, ಎ.ಸಿ. ಎಲ್ಲ ಉಂಟು. ಕೆಲಸದವರು ಮಾತ್ರ ಒಂಬತ್ತೇ ಜನ. ಸೀರೆ ವಿಭಾಗದಲ್ಲೇ ಹನ್ನೆರಡು ಹುಡುಗಿಯರು ಕಾಣುತ್ತಾರಲ್ಲ ಅಂದರೆ, ಇಬ್ಬರು ತಂಗಿಯ ಮಕ್ಕಳಂತೆ. ನಾಲ್ವರು ಕೆಲಸ ಕಲಿಯಲು ಬಂದವರಂತೆ. ಉಳಿದವರಲ್ಲಿ ಒಬ್ಬಳು ಸುಮ್ನೆ ನಿಂತಿದ್ದಾಳಂತೆ! ಇದೇನೂ ದೊಡ್ಡ ಮಾತಲ್ಲ ಬಿಡಿ. ಅಂಗಡಿಯ ಹುಡುಗಿಯರಿಗೆ ಕೂರುವ ಹಕ್ಕು ಕೊಡಲು ಕೇರಳ 2018ರಲ್ಲಿ ಕಾನೂನನ್ನೇ ತಿದ್ದಬೇಕಾಯಿತು.

ಒಂಬತ್ತರ ಮೇಲೆ ಇಷ್ಟು ಪ್ರೀತಿ ಯಾಕೆ? ಹತ್ತಾದರೆ ಹೆರಿಗೆ ರಜೆಯ ಕಾನೂನು ಬಾಗಿಲಿಗೆ ಬರುತ್ತದೆ. 2017ರಲ್ಲಿ ಆ ರಜೆ 12 ವಾರದಿಂದ 26 ವಾರಕ್ಕೆ ಏರಿತು, ಸಂಬಳ ಸಮೇತ. ಅದನ್ನು ಕೇಳಿದ ದಿನವೇ ಧನಿಗಳು ಎದೆ ಹಿಡಿದುಕೊಂಡರು. ಈಗ ಇಂಟರ್‌ವ್ಯೂನಲ್ಲಿ ಅವರ ಮೊದಲ ಪ್ರಶ್ನೆ, 'ಮದುವೆ ಯಾವಾಗ?' ಎರಡನೆಯದು ಇನ್ನೂ ನಾಚಿಕೆಗೇಡು, ಇಲ್ಲಿ ಬರೆಯುವುದು ಬೇಡ.

ತಮಾಷೆ ಇರುವುದು ಲೆಕ್ಕದಲ್ಲಿ. ಹತ್ತು ಜನ ಆದರೆ ಇ.ಎಸ್.ಐ., ಅಂದರೆ ನೌಕರರ ರಾಜ್ಯ ವಿಮೆ ಕೂಡ ಬರುತ್ತದೆ. 21,000 ರೂಪಾಯಿವರೆಗಿನ ಸಂಬಳದವರಿಗಾಗಿ ಧನಿ ನೂರಕ್ಕೆ 3.25 ರೂಪಾಯಿ ಕಟ್ಟಿದರೆ, ಬಾಣಂತಿಗೆ ದುಡ್ಡು ಕೊಡುವುದು ಇ.ಎಸ್.ಐ., ಧನಿಯ ಗಲ್ಲಾಪೆಟ್ಟಿಗೆ ಅಲ್ಲ. ಅಂದರೆ ಮೂರೂಕಾಲು ರೂಪಾಯಿ ಉಳಿಸಲು ಹೋಗಿ, ಐದಾರು ವರ್ಷ ಕೈಹಿಡಿದು ಕಲಿಸಿದ ಸೇಲ್ಸ್ ಹುಡುಗಿಯನ್ನೇ ಕಳೆದುಕೊಳ್ಳುತ್ತಾರೆ. ಅವಳು ಏಳನೇ ತಿಂಗಳಿಗೆ ಕೆಲಸ ಬಿಡುತ್ತಾಳೆ, ಹೊಸಬಳು ರೇಷ್ಮೆ ಸೀರೆಯನ್ನು ತಲೆಕೆಳಗಾಗಿ ಮಡಚುತ್ತಾಳೆ. ಮೇ ತಿಂಗಳಲ್ಲಿ ಅದೇ ಅಂಗಡಿಯ ಮುಂದೆ ಬ್ಯಾನರ್: 'ಅಮ್ಮಂದಿರ ದಿನಕ್ಕೆ ವಿಶೇಷ ರಿಯಾಯಿತಿ'.

ಇನ್ನು ಅಪ್ಪನ ಕತೆ. ಕೇಂದ್ರ ಸರ್ಕಾರದ ನೌಕರನಾದರೆ 15 ದಿನ, ಕೇರಳ ಸರ್ಕಾರದವನಾದರೆ 10 ದಿನ ಅಪ್ಪನ ರಜೆ ಸಿಗುತ್ತದೆ. ಖಾಸಗಿಯವನಿಗೆ ಕಾನೂನಿನಲ್ಲಿ ಒಂದು ದಿನವೂ ಇಲ್ಲ. ಮಗು ತಾನಾಗಿಯೇ ಬಂತು ಎಂದು ಸಂಸತ್ತು ಭಾವಿಸಿದಂತಿದೆ. ಸ್ವೀಡನ್‌ನಲ್ಲಿ ಅಪ್ಪ ಅಮ್ಮ ಸೇರಿ 480 ದಿನ, ಅದರಲ್ಲಿ 90 ದಿನ ಅಪ್ಪನಿಗೇ ಮೀಸಲು. ಅದನ್ನು ಇಲ್ಲಿ ಹೇಳಿದರೆ 'ಅಷ್ಟು ದಿನ ಅವನು ಮನೆಯಲ್ಲಿ ಮಾಡುವುದೇನು?' ಎಂದು ಅವನ ಅತ್ತೆಯೇ ಕೇಳುತ್ತಾರೆ.

ನಮ್ಮ ಸಂಪ್ರದಾಯ ಇದಕ್ಕಿಂತ ಧಾರಾಳ. ಮಗು ಹುಟ್ಟಿದರೆ ಮನೆಗೆ ಅಮೆ, ಅಂದರೆ ಹೆರಿಗೆಯ ಸೂತಕ. ಹತ್ತು ದಿನ ಅಪ್ಪ ದೇವಸ್ಥಾನದ ಮೆಟ್ಟಿಲು ಹತ್ತುವಂತಿಲ್ಲ. ದೇವರೇ 'ಬರಬೇಡ' ಎಂದ ಈ ಹತ್ತು ದಿನವೂ ಧನಿ ಮಾತ್ರ 'ಒಂಬತ್ತೂವರೆಗೆ ಬಾ' ಎನ್ನುತ್ತಾರೆ. ಅಂಗಡಿಗೆ ಅಮೆ ತಾಗುವುದಿಲ್ಲ, ಅಲ್ವಾ?

ಹಾಗಾಗಿ ಬುದ್ಧಿವಂತ ಅಪ್ಪ ರಜೆ ಚೀಟಿಯಲ್ಲಿ ಮಗುವಿನ ಸುದ್ದಿ ಎತ್ತುವುದಿಲ್ಲ. 'ಬದಿಯಡ್ಕದ ಸೋದರಮಾವ ತೀರಿಕೊಂಡರು' ಎಂದು ಬರೆಯುತ್ತಾನೆ. ಸಾವು ಎಂದರೆ ಧನಿಗೆ ಗೌರವ. ಮೂರು ದಿನ ರಜೆ ಸಿಗುತ್ತದೆ, ಕಾರ್ಯಕ್ಕೆಂದು ಐನೂರು ರೂಪಾಯಿ ಕೂಡ. ಎರಡನೇ ಮಗುವಿನ ಹೊತ್ತಿಗೆ ಕುಂಬಳೆಯಲ್ಲೊಬ್ಬ ಮಾವನನ್ನು ಹುಡುಕಿಕೊಂಡರೆ ಆಯಿತು.