ಬೆಕ್ಕಿನ ಮನೆಯ ಸೋದರಿಕೆ

ಐದನೇ ತಲೆಮಾರು ಮುಟ್ಟುವಷ್ಟರಲ್ಲಿ ಮನೆಯಲ್ಲಿ ಲಾಯಕ್ಕಾದ ಬೆಕ್ಕು ಅಂತ ಏನೇನಿದೆಯೋ ಅವೆಲ್ಲ ಒಂದೋ ಅಣ್ಣ-ತಂಗಿ, ಇಲ್ಲವೇ ಅಕ್ಕ-ತಮ್ಮ. ಹೊರಗಿನಿಂದ ಬಂದ ಗಂಡು ಇರುವುದು ಒಂದೇ. ಅದರ ಬುದ್ಧಿ 3, ಅದೃಷ್ಟ 3, ಮೇಲಾಗಿ ಜಗಳಗಂಟ. ಬೆಕ್ಕುಗಳನ್ನು ಕೂಡಿಸಿ ಮರಿ ಪಡೆದು ಕಾಳಗಕ್ಕೆ ಕಳಿಸುವ ಮ್ಯೂಜೆನಿಕ್ಸ್ ಎಂಬ ವಿಡಿಯೊ ಗೇಮ್ ಆಡುವವರು ಹಲ್ಲು ಕಡಿಯುವುದು ಬಾಸ್ ಎಂಬ ದೊಡ್ಡ ಶತ್ರುವಿನ ಎದುರಿಗಲ್ಲ, ಇಲ್ಲಿ. ಬಾಸ್ ಕೈಲಿ ಸೋತರೆ ಕಾರಣ ಕಣ್ಣೆದುರೇ ಬಿದ್ದಿರುತ್ತದೆ: ಒದ್ದೆ ನೆಲದಲ್ಲಿ ನಿಂತು ಕರೆಂಟ್ ಹೊಡೆಸಿಕೊಂಡಿರಿ, ಅಥವಾ ನಿಮ್ಮದೇ ಬೆಕ್ಕು ನಿಂತ ಹುಲ್ಲಿಗೆ ನೀವೇ ಬೆಂಕಿ ಇಟ್ಟಿರಿ. ಸಂಬಂಧ ಕೂಡಿಸುವುದರಲ್ಲಿ ಆದ ತಪ್ಪು ಹಾಗೆ ಕಾಣುವುದಿಲ್ಲ. ಮೂರು ತಲೆಮಾರು ದಾಟಿದ ಮೇಲೆ, ಊನವಿರುವ ಮರಿಯೊಂದು ಹುಟ್ಟಿದಾಗ ಲೆಕ್ಕ ಹೊರಬರುತ್ತದೆ. ಅಷ್ಟು ಹೊತ್ತಿಗೆ ಪಕ್ಕದಿಂದ ಯಾರಾದರೂ ಇಣುಕಿ "ಅಯ್ಯೋ, ಬೆಕ್ಕಿನ ಆಟವಾ, ಎಷ್ಟು ಮುದ್ದಾಗಿದೆ!" ಅನ್ನುತ್ತಾರೆ. ಮುದ್ದಂತೆ ಮುದ್ದು.

ಈ ಅಣ್ಣ-ತಂಗಿ ಗೋಜಲಿನಿಂದ ಬಾಳಿನ ಬಗ್ಗೆ ಒಂದು ದೊಡ್ಡ ಮಾತು ಹೊಳೆಯುತ್ತದೆ. ಅದನ್ನು ಕೊನೆಗೆ ಹೇಳುವುದು ವಾಸಿ, ಮೊದಲು ಲೆಕ್ಕ.

ಬೆಕ್ಕಿಗೆ ಗುಣ ಏಳು: ಬಲ, ಚುರುಕು, ಮೈಕಟ್ಟು, ಬುದ್ಧಿ, ವೇಗ, ವರ್ಚಸ್ಸು, ಅದೃಷ್ಟ. ಏಳಕ್ಕೂ 7 ಇರುವ ಮರಿ ಎಲ್ಲರ ಕನಸು. ತಾಯಿಗೆ ನಾಲ್ಕರಲ್ಲಿ 7, ತಂದೆಗೆ ಉಳಿದ ಮೂರರಲ್ಲಿ 7 ಇದೆ ಅನ್ನಿ. ಪ್ರತಿ ಗುಣವೂ ನಾಣ್ಯ ಚಿಮ್ಮಿದ ಹಾಗೆ ಇವರಿಂದಲೋ ಅವರಿಂದಲೋ ಬಂದರೆ, ಏಳೂ ಒಟ್ಟಿಗೆ ಒಳ್ಳೆಯ ಕಡೆಗೇ ಬೀಳುವುದು 128ರಲ್ಲಿ ಒಂದು ಸಲ. ನಾಣ್ಯವನ್ನು ಸ್ವಲ್ಪ ವಾಲಿಸಿ, ನಾಲ್ಕರಲ್ಲಿ ಮೂರು ಸಲ ಒಳ್ಳೆಯದು ಬರುವಂತಾದರೆ 100ಕ್ಕೆ 13. ಕೋಣೆಗೆ ಸ್ಟಿಮ್ಯುಲೇಷನ್ ಎಂಬ ಅಂಕ ಹೆಚ್ಚಿಸುವ ಸಾಮಾನು ತುಂಬುವುದು ಈ ವಾಲಿಸುವಿಕೆಗೇ. ಕಂಫರ್ಟ್, ಅಂದರೆ ಕೋಣೆಯ ನೆಮ್ಮದಿಯ ಅಂಕ, ಬೇರೆ ವಿಚಾರ. ಅದು ಕಮ್ಮಿಯಾದರೆ ರಾತ್ರಿ ಬೆಕ್ಕುಗಳು ಕೂಡುವ ಬದಲು ಕಚ್ಚಾಡುತ್ತವೆ. ಹೊಸಬರು ಬಣ್ಣ ನೋಡಿ ಸೋಫಾ ಕೊಳ್ಳುತ್ತಾರೆ, ಒಂದೇ ಕೋಣೆಗೆ ಎಂಟು ಬೆಕ್ಕು ತುರುಕುತ್ತಾರೆ, ಬೆಳಿಗ್ಗೆ ಎದ್ದು ಗಾಯ ಎಣಿಸುತ್ತಾರೆ. ಎಲ್ಲ ಸರಿಯಿಟ್ಟರೂ ಕೆಲವು ಜೋಡಿಗೆ ಮರಿಯಾಗುವುದಿಲ್ಲ, ಏಕೆಂದರೆ ಗಂಡಿಗೆ ಗಂಡಿನ ಮೇಲೇ ಮನಸ್ಸು. ಜಾತಕ ಕೂಡಿದರೆ ಸಾಕೆ, ಮನಸ್ಸೂ ಕೂಡಬೇಡವೆ?

ಹೀಗೆ ತಿಣುಕಿ ಮೂರು ಒಳ್ಳೆ ಮರಿ ಪಡೆದವರಿಗೆ, ಆ ಮೂರನ್ನೇ ತಮ್ಮತಮ್ಮಲ್ಲಿ ಕೂಡಿಸಿಬಿಡೋಣ ಅನ್ನಿಸುವುದು ಸಹಜ. ಒಳ್ಳೆಯದು ಒಳ್ಳೆಯದಕ್ಕೇ ಸೇರಿದರೆ ತಪ್ಪೇನು? ಇಲ್ಲೇ ತಳಿವಿಜ್ಞಾನಿ ಸಿವಾಲ್ ರೈಟ್ ಬರುತ್ತಾರೆ.

ರೈಟ್ ಅಮೆರಿಕದ ಕೃಷಿ ಇಲಾಖೆಯಲ್ಲಿ ಗಿನಿಪಿಗ್‌ಗಳನ್ನು ತಲೆಮಾರುಗಟ್ಟಲೆ ಒಳಸಂಬಂಧದಲ್ಲೇ ಬೆಳೆಸಿ, ಅದನ್ನು ಅಳೆಯುವ ಸೂತ್ರವನ್ನು 1922ರಲ್ಲಿ ಪ್ರಕಟಿಸಿದವರು. ಅವರ ಸ್ವಂತ ಅಪ್ಪ-ಅಮ್ಮ ಕಸಿನ್‌ಗಳು; ಅಂದರೆ ಅವರ ಒಳಸಂಬಂಧದ ಅಂಕ ಅವರದೇ ಸೂತ್ರದಲ್ಲಿ ಹದಿನಾರರಲ್ಲಿ ಒಂದು. ಲೆಕ್ಕ ಬೆರಳ ಮೇಲೆ ಆಗುವಂಥದ್ದು. ಗಂಡಿನಿಂದ ಹೊರಟು, ಇಬ್ಬರಿಗೂ ಸೇರಿದ ಹಿರಿಯರ ತನಕ ಹತ್ತಿ, ಹೆಣ್ಣಿನ ತನಕ ಇಳಿಯಿರಿ. ದಾರಿಯಲ್ಲಿ ಸಿಕ್ಕಷ್ಟೂ ತಲೆ ಎಣಿಸಿ. ಗಂಡು, ಹೆಣ್ಣು, ಆ ಹಿರಿಯರು ಎಲ್ಲರೂ ಲೆಕ್ಕಕ್ಕೆ. ತಲೆಗೊಂದರಂತೆ ಅರ್ಧ ಮಾಡುತ್ತಾ ಹೋಗಿ. ಹಿರಿಯರು ಇಬ್ಬರಿದ್ದರೆ ಎರಡು ದಾರಿ, ಎರಡನ್ನೂ ಕೂಡಿಸಿ. ಒಡಹುಟ್ಟಿದವಕ್ಕೆ ದಾರಿಯಲ್ಲಿ ಮೂರು ತಲೆ, ಎಂಟನೇ ಒಂದು. ಅಪ್ಪನ ದಾರಿ, ಅಮ್ಮನ ದಾರಿ ಸೇರಿ ಕಾಲು ಭಾಗ. ಅಪ್ಪ ಒಂದೇ ಇದ್ದು ತಾಯಿ ಬೇರೆಯಾದರೆ ದಾರಿ ಒಂದೇ, ಎಂಟನೇ ಒಂದು.

ಈ ಎಂಟನೇ ಒಂದು ಕನ್ನಡದವರಿಗೆ ಗುರುತಿನ ಅಂಕ. ಅಕ್ಕನ ಮಗಳನ್ನು ತಂದುಕೊಂಡ ಸೋದರಮಾವನ ಮನೆಯಲ್ಲಿ ಹುಟ್ಟುವ ಮಗುವಿಗೂ ಅಷ್ಟೇ: ಮಾವ, ತಾತ, ಅಕ್ಕ, ಅಕ್ಕನ ಮಗಳು, ನಾಲ್ಕು ತಲೆ, ಹದಿನಾರನೇ ಒಂದು, ಅಜ್ಜಿಯ ದಾರಿಯೂ ಸೇರಿ ಎಂಟನೇ ಒಂದು. ಅತ್ತೆ ಮಗ, ಮಾವನ ಮಗಳಾದರೆ ಹದಿನಾರನೇ ಒಂದು. ಚಿಕ್ಕಪ್ಪನ ಮಗಳಿಗೂ ಹದಿನಾರನೇ ಒಂದೇ, ಆದರೆ ಅವಳು ವರಸೆಯಲ್ಲಿ ತಂಗಿ. ಆ ಮಾತೆತ್ತಿದರೆ ಮನೆಯಿಂದ ಆಚೆ ಹಾಕುತ್ತಾರೆ. ರೈಟ್ ಅವರ ಸೂತ್ರಕ್ಕೆ ಅತ್ತೆಯೂ ಚಿಕ್ಕಪ್ಪನೂ ಒಂದೇ. ಗೋತ್ರ ನೋಡುವುದರಿಂದಲೂ ಇದು ಸಿಕ್ಕಿಬೀಳುವುದಿಲ್ಲ. ಗೋತ್ರ ಗಂಡಿನ ಕಡೆಯಿಂದ ಹರಿಯುತ್ತದೆ, ಅಕ್ಕನ ಮಗಳು ಭಾವನ ಗೋತ್ರದವಳು, ಪುರೋಹಿತರು ಸಮಾಧಾನದಿಂದ ತಲೆಯಾಡಿಸುತ್ತಾರೆ. 1955ರ ಹಿಂದೂ ವಿವಾಹ ಕಾಯ್ದೆ ಸೋದರಮಾವ-ಅಕ್ಕನ ಮಗಳ ಈ ಸಂಬಂಧವನ್ನು ನಿಷೇಧದ ಪಟ್ಟಿಗೆ ಹಾಕಿತು, ಹಾಕಿದ ಕೈಯಲ್ಲೇ 'ರೂಢಿ ಇದ್ದರೆ ಆಗಬಹುದು' ಎಂದು ಬಾಗಿಲನ್ನೂ ತೆರೆದಿಟ್ಟಿತು. ಮದುವೆಯನ್ನು ವರಸೆ ನಿಲ್ಲಿಸಬಹುದು, ಗೋತ್ರ ನಿಲ್ಲಿಸಬಹುದು, ಆಸ್ತಿ ನಿಲ್ಲಿಸಬಹುದು. ಅಂಕಗಣಿತ ನಿಲ್ಲಿಸಿದ್ದನ್ನು ಕಂಡವರು ಕಡಿಮೆ.

ಬೆಕ್ಕಿನ ಮನೆಯಲ್ಲಿ ವರಸೆಯೂ ಇಲ್ಲ, ಕಾಯ್ದೆಯೂ ಇಲ್ಲ. ಹಾಗಾಗಿ ಅಂಕ ಸರಸರ ಏರುತ್ತದೆ. ಒಡಹುಟ್ಟಿದವನ್ನೇ ಕೂಡಿಸುತ್ತಾ ಹೋದರೆ ಮೊದಲ ಸುತ್ತಿಗೆ 25 ಪ್ರತಿಶತ, ಎರಡಕ್ಕೆ 37.5, ಮೂರಕ್ಕೆ 50, ನಾಲ್ಕಕ್ಕೆ 59ರ ಮೇಲೆ. ಪ್ರಯೋಗಾಲಯದ ಇಲಿಗಳನ್ನು ಹೀಗೆ 20 ತಲೆಮಾರು ಸಾಕಿದ ಮೇಲೆ 'ಒಳತಳಿ' ಎಂಬ ಸರ್ಟಿಫಿಕೇಟು ಸಿಗುತ್ತದೆ; ಒಂದು ಇಲಿ ಇನ್ನೊಂದರ ಜೆರಾಕ್ಸ್. ಅಲ್ಲಿಗೆ ಮುಟ್ಟುವ ಮುನ್ನವೇ ಎಷ್ಟೋ ವಂಶ ಬರಿದಾಗಿರುತ್ತದೆ. ಒಂದು ಕೆಟ್ಟ ಜೀನ್ ಒಂಟಿಯಾಗಿದ್ದಾಗ ಸಾಧು, ಜೋಡಿಯಾದಾಗ ಬಾಯಿ ತೆರೆಯುತ್ತದೆ. ಅಣ್ಣ-ತಂಗಿಯ ಮಗುವಿನಲ್ಲಿ ಅದಕ್ಕೆ ಜೋಡಿ ಸಿಗುವುದು ಸುಲಭ.

ಆಟದ ಹೆಸರಲ್ಲೇ ಈ ಹುಳಿ ಇದೆ. ಬೆಕ್ಕಿನ 'ಮ್ಯೂ'ಗೆ ಯುಜೆನಿಕ್ಸ್ ಕಸಿ ಮಾಡಿದ್ದು. ಮನುಷ್ಯರ ತಳಿಯನ್ನೇ ತಿದ್ದುತ್ತೇನೆಂದು ಫ್ರಾನ್ಸಿಸ್ ಗಾಲ್ಟನ್ 1883ರಲ್ಲಿ ಟಂಕಿಸಿದ ಪದ. ಆಟ ಕಟ್ಟುವ ಎಡ್ಮಂಡ್ ಮ್ಯಾಕ್‌ಮಿಲನ್ ಈ ಆಟದ ಸುದ್ದಿ ಕೊಟ್ಟದ್ದು 2012ರಲ್ಲಿ. ಮಧ್ಯೆ ಅದು ನಿಂತೇ ಹೋಗಿ, ಟೈಲರ್ ಗ್ಲೇಯಲ್ ಜೊತೆ ಮತ್ತೆ ಶುರುವಾಗಿ, ಹೊರಬಂದದ್ದು 2026ರ ಫೆಬ್ರುವರಿ 10ಕ್ಕೆ. ಬೆಕ್ಕಿನ ಬಸಿರು ಒಂಬತ್ತು ವಾರ, ಬೆಕ್ಕಿನ ಆಟದ ಬಸಿರು ಹದಿಮೂರು ವರ್ಷಕ್ಕೂ ಮಿಕ್ಕಿ. ಆಟ ಕ್ರೂರ ಅನ್ನುವವರಿದ್ದಾರೆ. ಅದೇ ಜನ ಕಿವಿ ಮಡಚಿದ ಸ್ಕಾಟಿಷ್ ಫೋಲ್ಡ್ ರೀಲ್ಸ್‌ಗೆ ಹೃದಯ ಒತ್ತುತ್ತಾರೆ. 1961ರಲ್ಲಿ ಸ್ಕಾಟ್ಲೆಂಡಿನ ಹೊಲಮನೆಯೊಂದರಲ್ಲಿ ಸಿಕ್ಕ ಸೂಸಿ ಎಂಬ ಬಿಳಿ ಬೆಕ್ಕಿನಿಂದ ಹರಡಿದ ತಳಿ ಅದು. ಕಿವಿಯನ್ನು ಮಡಚಿದ ದೋಷವೇ ಕೀಲುಗಳನ್ನೂ ಹಿಡಿಯುತ್ತದೆ. ಬಾಲ ಬಿರುಸಾಗುತ್ತದೆ, ಕಾಲು ಊತು ನಡಿಗೆ ಕುಂಟುತ್ತದೆ. ಮಡಚಿದ ಕಿವಿಯ ಎರಡನ್ನು ಕೂಡಿಸಿದರೆ ಇನ್ನೂ ಘೋರ. ನೋವಿಗೆ ಅಲುಗಾಡದೆ ಕೂತದ್ದನ್ನು "ಎಷ್ಟು ಸಾಧು!" ಅನ್ನುತ್ತಾರೆ. ಆಟದಲ್ಲಾದರೋ ಊನಕ್ಕೆ ಊನ ಎಂದೇ ಬರೆದಿರುತ್ತದೆ.

ಸರಿ, ಮಾಡಬೇಕಾದ್ದೇನು? ಎರಡು ಕೋಣೆ, ಎರಡು ವಂಶ, ನಡುವೆ ನೆಂಟಸ್ತನವೇ ಇರಕೂಡದು. ಒಂದರಲ್ಲಿ ಬಲ-ಮೈಕಟ್ಟು ಹಿಡಿಯಿರಿ, ಇನ್ನೊಂದರಲ್ಲಿ ಬುದ್ಧಿ-ವರ್ಚಸ್ಸು. ಈ ಕೋಣೆಯ ಗಂಡು, ಆ ಕೋಣೆಯ ಹೆಣ್ಣು ಕೂಡಿ ಹುಟ್ಟಿದವು ಕಾಳಗಕ್ಕೆ: ನಾಲ್ಕರ ಗುಂಪು ಕಟ್ಟಿ, ಕೊರಳಪಟ್ಟಿ ಹಾಕಿ ಕಳಿಸಿ. ಅವನ್ನು ಮತ್ತೆ ವಂಶದೊಳಗೆ ಬಿಡಬೇಡಿ, ಬಿಟ್ಟರೆ ಎರಡು ಮನೆ ಒಂದಾಗುತ್ತದೆ. ಎರಡು ಮೂರು ತಲೆಮಾರಿಗೊಮ್ಮೆ ಬಾಗಿಲಿಗೆ ಬಂದ ಬೀದಿ ಬೆಕ್ಕನ್ನು ಒಳಗೆ ಬಿಟ್ಟುಕೊಳ್ಳಿ, ಗುಣಗಳ ಅಂಕ ಕೆಳಗಿಳಿದರೂ ಸರಿ. ಹೊಟ್ಟೆಗೂ ಲೆಕ್ಕ ಉಂಟು: ತಲೆ ಹೆಚ್ಚಾದಷ್ಟೂ ದಿನದ ಊಟ ಹೆಚ್ಚು. ಹೆಚ್ಚಾದ ಮರಿಗಳನ್ನು ಆಟದೊಳಗಿನ ಪಾತ್ರ ಟಿಂಕ್‌ಗೆ ಕೊಟ್ಟುಬಿಡಿ, ಮ್ಯುಟೇಷನ್ ಆದವನ್ನು ಇನ್ನೊಂದು ಪಾತ್ರ ಡಾ. ಬೀನೀಸ್‌ಗೆ. ಯಾರ ಮಗ ಯಾರು ಎಂಬುದು ಹಾಳೆಯ ಮೇಲಿರಲಿ. ನೆನಪಲ್ಲಿರುತ್ತದೆ ಅಂದುಕೊಂಡವರೇ ಅತ್ತೆಯನ್ನು ಅಳಿಯನಿಗೆ ಗಂಟುಹಾಕುವುದು.

ಆ ದೊಡ್ಡ ಮಾತಿಗೆ ಬರಬೇಕಿತ್ತು. ಆದರೆ ಮೊದಲು ಹೇಳಿದ ಆ ಜಗಳಗಂಟ, ಬುದ್ಧಿ 3, ಅದೃಷ್ಟ 3, ಈಗ ಎರಡನೇ ಕೋಣೆಯಲ್ಲಿದೆ. ಇಡೀ ಮನೆಯಲ್ಲಿ ಯಾರಿಗೂ ನೆಂಟನಲ್ಲದ ಗಂಡು ಅದೊಂದೇ. ಪಕ್ಕದಲ್ಲಿ ಏಳರಲ್ಲಿ ಐದಕ್ಕೆ 7 ಇರುವ ಹೆಣ್ಣು. ನೆಲದ ಮೇಲಿನ ಹೇಲು ಎತ್ತಬೇಕು. ದೀಪ ಆರಿಸುವ ಮುಂಚೆ ಇನ್ನೊಂದು ಕುರ್ಚಿ ತಂದಿಟ್ಟರೆ ಕಂಫರ್ಟ್ ಒಂದಿಷ್ಟು ಏರೀತು.